ಒಂದಿಂಚು ಒಳಗೆ

ಮಂಡಕ್ಕಿ ಭಟ್ಟಿಯ ಬಾಯಿಗೆ ಹೋಗಲಿದ್ದ ಹಲಗೆ.
ಯಾವ ಕಾಲದ ಬಾಗಿಲೋ, ಚಿಲಕದ ತೂತು ಹಾಗೇ ಇತ್ತು.
ದಾದಾಪೀರಣ್ಣ ತೂಗಿ ಕೊಟ್ಟ, ಸೌದೆಯ ರೇಟಿಗೆ.
"ಒಲೆಗೇನಕ್ಕ?" ಅಂದ.
ಹೌದು ಅಂದೆ. ನಿಜ ಹೇಳಲು ನಾಚಿಕೆ.

ನಿಟುವಳ್ಳಿಯ ಈ ಕ್ರಾಸಿನಲ್ಲಿ
ಇಪ್ಪತ್ತೆರಡು ವರ್ಷದಿಂದ ಬ್ಲೌಸು ಹೊಲಿಯುವವಳು ನಾನು.
ಹೊಸ್ತಿಲು ದಾಟಿ ಬಂದರೆ ಸಾಕು, ತೋಳಿನ ಸುತ್ತಳತೆ ಹೇಳಬಲ್ಲೆ.
ಬೇಕಾಗಿದ್ದು ಇಷ್ಟೇ: ಮೆಷಿನ್ನಿನ ಬಲಕ್ಕೆ ಒಂದು ಡ್ರಾ.
ಬಾಬಿನ್ನು, ಹುಕ್ಕು, ಗುಂಡಿಗೆಂದು
ಬಿಸ್ಕತ್ತಿನ ಡಬ್ಬಿಯಲ್ಲಿ ಕೈಯಾಡಿಸಿ
ಸೂಜಿ ಚುಚ್ಚಿಸಿಕೊಂಡದ್ದು ಸಾಕಾಗಿತ್ತು.
ಮೌನೇಶಾಚಾರಿ ಬರುತ್ತೇನೆಂದ ಸೋಮವಾರಗಳೆಲ್ಲ
ಕ್ಯಾಲೆಂಡರಿನಲ್ಲೇ ಉಳಿದವು.

ಹಳೇ ಸಾಮಾನಿನವನ ಹತ್ತಿರ ಒಂದು ಉಳಿ, ಒಂದು ಗರಗಸ.
ಕೀಸುಳಿಗೆ ಹಿಡಿ ಇರಲಿಲ್ಲ, ಅದಕ್ಕೇ ನೂರು ಇಳಿಸಿದ.

ಟೈಲರ್ ಚಾಕಿನಲ್ಲಿ ಗೆರೆ ಎಳೆದೆ, ಬಟ್ಟೆಗೆ ಎಳೆದ ಹಾಗೆ.
ಕೊಯ್ದೆ. ಎರಡೂ ತುಂಡು ಗಿಡ್ಡ.
ಕತ್ತರಿ ಏನನ್ನೂ ತಿನ್ನುವುದಿಲ್ಲ, ಬೇರೆ ಮಾಡುತ್ತದೆ ಅಷ್ಟೇ.
ಗರಗಸಕ್ಕೆ ಕೂಲಿ ಬೇಕು,
ಅಕ್ಕನ ಚಿನ್ನವನ್ನೂ ಬಿಡದ ಅಕ್ಕಸಾಲಿಯ ಹಾಗೆ
ಗೆರೆಯನ್ನೇ ನುಂಗಿ ಪುಡಿ ಉಗುಳುತ್ತದೆ.
ಗೆರೆಯ ಆಚೆಗೆ ಕೊಯ್ಯಬೇಕು ಅನ್ನುವುದನ್ನು
ಮೂರನೇ ತುಂಡು ಕಲಿಸಿತು.
ಮಿರ್ಚಿ ಕಟ್ಟಿಸಿಕೊಂಡು ಬಂದ ಹಾಲೇಶಿ ಬಾಗಿ ನೋಡಿ
"ದೇವರ ಪೆಟ್ಟಿಗೆಯೋ, ಇಲಿಬೋನೋ?" ಅಂದ.

ಕೀಸುಳಿ ಹಿಡಿದ ದಿನ ಮಾತ್ರ ನನಗೂ ಒಂದು ಮರ್ಯಾದೆ ಬಂತು.
ಮೊದಲು ತಳ್ಳಿದಾಗ ಚಕ್ಕೆ ಎದ್ದು ಹಲಗೆ ಹಲ್ಲು ಕಿರಿಯಿತು.
ಬೆರಳಾಡಿಸಿದೆ.
ಅರೆ, ಇದಕ್ಕೂ ಎಳೆಯಿದೆ!
ಉದ್ದ, ಅಡ್ಡ, ಓರೆ.
ವೆಲ್ವೆಟ್ಟಿನ ಹಾಗೆ ಈ ಕಡೆಯಿಂದ ನುಣುಪು,
ಆ ಕಡೆಯಿಂದ ಮುನಿಸು.
ಹಲಗೆ ತಿರುಗಿಸಿ ಇಟ್ಟೆ.
ಹಸಿರು ಬಣ್ಣದ ಕೆಳಗಿನಿಂದ ಗುಲಾಬಿ ಮರ
ಸುರುಳಿ ಸುರುಳಿಯಾಗಿ ಎದ್ದು ಬಂತು.
ಒಂದು ಸುರುಳಿಯನ್ನು ಮೂಗಿಗೆ ಹಿಡಿದೆ,
ಯಾವ ಮರ ಅಂತ ಇವತ್ತಿಗೂ ಗೊತ್ತಿಲ್ಲ.

ಬ್ಲೌಸಿಗೆ ಒಂದಿಂಚು ಒಳಗೆ ಬಿಡುತ್ತೇವೆ, ಯಾವಾಗಲೂ.
ಬಾಣಂತನ, ಥೈರಾಯ್ಡು, ಬರೀ ಸುಖ,
ಮೈ ಯಾವಾಗ ಎಷ್ಟು ಕೇಳುತ್ತದೋ.
ಮರಕ್ಕೆ ಅದೆಲ್ಲ ಇಲ್ಲ ಅಂದುಕೊಂಡು
ಕೂದಲೆಳೆ ಹೋಗದಷ್ಟು ಬಿಗಿಯಾಗಿ ಕೂರಿಸಿದೆ.
ಅಳತೆ ಕೊಡಲು ಬಂದವರಿಗೆಲ್ಲ
ಬೇಸಿಗೆಯಿಡೀ ತೆಗೆದು ತೆಗೆದು ತೋರಿಸಿದೆ.

ಆಷಾಢದ ಜಿಟಿಜಿಟಿ ಹಿಡಿದ ಮೂರನೇ ದಿನ
ಡ್ರಾ ಬರಲಿಲ್ಲ.
ಒಳಗೆ ನರ್ಸ್ ಸುಶೀಲವ್ವನ ಬ್ಲೌಸಿನ ಗಾಜಿನ ಗುಂಡಿ, ಸಂಜೆಗೆ ಕೊಡಬೇಕು.
ಎಳೆದೆ. ಬೈದೆ. ಕಾಲು ಒತ್ತಿಟ್ಟು ಜಗ್ಗಿದೆ.
ಹಿಡಿಕೆ ಕಿತ್ತು ಕೈಗೆ ಬಂತು.

ನೆಲಕ್ಕೆ ಕೂತವಳು ಕೂತಲ್ಲೇ ನಗತೊಡಗಿದೆ.
ನಾನು ಹುಟ್ಟುವ ಮೊದಲೇ ಕಡಿದಿದ್ದಿರಬೇಕು,
ಬಾಗಿಲಾಗಿ ಬಾಳಿ, ಸೌದೆಯಾಗಿ ತೂಗಿಸಿಕೊಂಡು,
ಇನ್ನೂ ಇದು ಮಳೆ ಬಂತೆಂದರೆ
ಮೈ ತುಂಬಿಕೊಳ್ಳುತ್ತಲ್ಲ!

ಸುಶೀಲವ್ವನಿಗೆ ಪ್ಲಾಸ್ಟಿಕ್ ಗುಂಡಿ ಹಚ್ಚಿದೆ, ಹತ್ತು ರೂಪಾಯಿ ಬಿಟ್ಟೆ.
ಬಿಸಿಲು ಬಂದ ಮೇಲೆ ತಾನೇ ಸಡಿಲಿತು.
ಎರಡೂ ಮಗ್ಗುಲು ಕೀಸಿದೆ, ಬಸ್ ಟಿಕೀಟು ಮಡಚಿ ತೂರಿಸುವಷ್ಟು.

ಈಗ ಏಪ್ರಿಲ್‌ನಲ್ಲಿ ಪೆಡಲು ತುಳಿದರೆ
ಡ್ರಾ ಗಡಗಡ ಅನ್ನುತ್ತದೆ.
"ಸಡ್ಲ ಆಗೇತಲ್ಲ ಕೊಟ್ರಮ್ಮ" ಅನ್ನುತ್ತಾರೆ.
ಮಳಿಗೆ ಬಿಟ್ಟೀನಿ ಅನ್ನುತ್ತೇನೆ.

ಒಂದು ಸೋಮವಾರ ಮೌನೇಶಾಚಾರಿ ಬಂದೇಬಿಟ್ಟ.
ತೆಗೆದ. ಹಾಕಿದ. ಯಾರು ಮಾಡಿದ್ದು ಅಂತ ಕೇಳಲಿಲ್ಲ.
ಚಹಾ ಕುಡಿದು, ಲೋಟ ಇಟ್ಟು,
ಹೋಗುವಾಗ ಇನ್ನೊಂದು ಸಲ ತೆಗೆದು ನೋಡಿದ.